ಹೂಂ ಅನ್ನಾಕ ಎಷ್ಟು ಮಾತು

ಕೌಲ್ ಬಜಾರಿನಾಗ ಜಿಪ್ಪು-ಗುಂಡಿ ಮಾರೋ ಅಂಗಡಿ ಮ್ಯಾಲಿನ ಅಟ್ಟ.
ಸಂಜಿ ಏಳಕ್ಕ ಪ್ರಿಸ್ಕಿಲ್ಲಾ ಮಿಸ್ಸು ಬೋರ್ಡಿನ ಮ್ಯಾಲೆ
ಒಂದು ಗೀಟು ಎಳದು ಬರೀತಾಳ: ಅಗ್ರೀ.
ನಾವು ಹದಿಮೂರು ಮಂದಿ.
ಬೆರಳ ಸಂದಿ ನೀಲಿ, ಉಗುರಿನ ಬುಡ ನೀಲಿ,
ಮೂಗು ಒರಸಿದ ವಸ್ತ್ರನೂ ನೀಲಿ.
ನೋಟುಬುಕ್ಕಿನ ಅಂಚಿಗೆ ನಮ್ಮ ಹೆಬ್ಬಟ್ಟು
ತಾನ ಒತ್ತಿಕೊಂಡೈತಿ, ಯಾವ ಕರಾರೂ ಕೇಳದ.

ಎಸ್. ಓಕೆ. ಶ್ಯೂರ್. ಆಫ್ ಕೋರ್ಸ್.
ಡೀಲ್. ಡನ್. ಫೇರ್ ಇನಫ್.
ಒಂದು ಹೂಂಗೆ ಇಷ್ಟು ಅಂಗಿ ಹೊಲಿಸ್ಯಾರ ಇಂಗ್ಲಿಷಿನವರು!
ನಮ್ಮಲ್ಲೇನು ಕಮ್ಮಿ ಅಂತ ಮಾಬುನ್ನಿ ಬೆರಳು ಮಡಚಿದಳು:
ಆತು ಬಿಡು, ಹಂಗಾಗ್ಲಿ, ಸೈ, ನಡೀತೈತಿ,
ಆಕಿ ಮನ್ಯಾಗ ಠೀಕ್ ಹೈ, ಬಾಜೂ ಮಷಿನ್ನಿನ ಪದ್ದಕ್ಕಂದು ಸರೇಲೇ.
ಬೀಗರ ಮುಂದ ಗಂಟಲಾಗ ಸಿಕ್ಕಿಬಿದ್ದ ಹೂಂಗಳೂ ಅದಾವು,
ಅವನ್ನ ಲೆಕ್ಕ ಹಿಡದ್ರ ಬೆರಳು ಸಾಲಂಗಿಲ್ಲ.
ಕೌಲು ಅಂದ್ರನ ಕೊಟ್ಟ ಮಾತು, ಅಂತಿದ್ದಳಂತ ಆಕಿ ಅತ್ತಿ.

ಮೀಟ್ ಮಿ ಹಾಫ್ ವೇ, ಅಂದ್ರ
ನಡು ದಾರಿಗೆ ಬಂದು ಕೂಡು.
"ಯಾರು ಎಷ್ಟು ನಡೀಬೇಕು ಮಿಸ್ಸು?" ಕೇಳಿದವಳು ನಾನ.
ಬೈಯರು ಕಾರಿನಾಗ ಬರ್ತಾನ,
ನಾನು ಮೋತಿ ಸರ್ಕಲ್ಲಿನಿಂದ ಕಾಲ್ನಡಿಗಿ.
ಅವನ ಅರ್ಧಕ್ಕೂ ನನ್ನ ಅರ್ಧಕ್ಕೂ ಒಂದ ಟೇಪು ಹಿಡೀತಾರೇನು?
ಮಿಸ್ಸು ನಕ್ಕು ಬೋರ್ಡು ಒರಸಿದಳು.

ಆಮ್ಯಾಲೆ ಬರದಳು ನೋಡ್ರಿ ಒಂದು ಸಾಲು:
ಐ ಕುಡ್ ನಾಟ್ ಅಗ್ರೀ ಮೋರ್.
ಪದ ಪದ ಬಿಚ್ಚಿದೆ, ತಪ್ಪಾದ ಹೊಲಿಗಿ ಬಿಚ್ಚಿದಂಗ.
ನನಗ. ಆಗಂಗಿಲ್ಲ. ಒಪ್ಪಾಕ. ಇನ್ನಷ್ಟು.
"ಇದು ತಕರಾರು" ಅಂದೆ.
"ಅಲ್ಲ ಹುಲಿಗೆಮ್ಮ, ಪೂರಾ ಒಪ್ಪಿಗಿ.
ಒಪ್ಪಿಗಿ ಕಂಠಮಟ ತುಂಬೈತಿ, ಇನ್ನ ಜಾಗ ಇಲ್ಲ ಅಂತ."
ತುಂಬಿದ್ದಕ್ಕೂ ಇಲ್ಲ ಅಂತಾರೇನು?
ಆ ರಾತ್ರಿ ಹಂಚಿನ ಮುಂದ ಕುಂತು
ರೊಟ್ಟಿ ಜೋಡಿ ಆ ಸಾಲನ್ನೂ ತಿರುವಿ ತಿರುವಿ ಹಾಕಿದೆ.

ಸೋಮವಾರ ಕೊಚ್ಚಿಯಿಂದ ಸಾಜು ಅನ್ನಾವ ಬಂದ.
ಹಿಂದಿ ಅವಗ ಅಷ್ಟಕ್ಕಷ್ಟ, ಮಲಯಾಳಂ ನಮಗ ಸೊನ್ನಿ.
ಪ್ಯಾಂಟಿಗೆ ಹೊಲಿಗಿ ಕೂಲಿ: ನಾವು ಎಪ್ಪತ್ತು, ಅವ ಐವತ್ತೈದು.
ಅರವತ್ತಕ್ಕ ಬಂದು ನಿಂತು ಎದಿ ಮ್ಯಾಲೆ ಕೈ ಇಟ್ಟ:
"ಸಿಕ್ಸ್ಟಿ ಈಸ್ ಫೇರ್, ನೋ?"
ಹಿಂದ ಹದಿನೆಂಟು ಮಷಿನ್ನು ಒಮ್ಮಿಗೇ ಸುಮ್ಮನಾದವು.
ದಾರ, ಎಣ್ಣಿ, ಕರೆಂಟ್ ಬಿಲ್ಲು ನನ್ನ ಬೆನ್ನಿಗೆ ಬಂದು ನಿಂತಂಗಾತು.
ಅವ ಐದು ಹೆಜ್ಜಿ ಬಂದಾನ, ನನ್ನ ಹತ್ತು ಹೆಜ್ಜಿ ಕರೀತಾನ.
ಬಾಯಿಗೆ ಸಿಕ್ಕಿದ್ದು ಅದೊಂದ ಸಾಲು. ಅಂದುಬಿಟ್ಟೆ:
"ಐ ಕುಡ್ ನಾಟ್ ಅಗ್ರೀ ಮೋರ್."

ನಾನು ಅಂದಿದ್ದು ಕನ್ನಡ, ಇಂಗ್ಲಿಷಿನ ದಾರ ಪೋಣಿಸಿ.
ಅವ ಕೇಳಿದ್ದು ಇಂಗ್ಲಿಷು.
ಹಲ್ಲು ಕಿಸಿದು ಕೈ ಚಾಚಿದ.
ನಾನು ಕೊಡಲಿಲ್ಲ.
ಹ್ಯಾಂಗರಿಗೆ ತೂಗಿದ ತೋಳಿನಂಗ
ಗಾಳ್ಯಾಗ ಉಳೀತು ಆ ಕೈ.

ಮಾಬುನ್ನಿ ಕೊರಳಿನ ಟೇಪು ತಗದು ಟೇಬಲ್ಲಿಗೆ ಹಾಸಿದಳು.
ಎಪ್ಪತ್ತಕ್ಕ ಒಂದು ಹಿತ್ತಾಳಿ ಗುಂಡಿ, ಐವತ್ತೈದಕ್ಕ ಇನ್ನೊಂದು.
ಎರಡನ್ನೂ ಬೆರಳಿಲೆ ನೂಕುತ್ತ ಬಂದಳು, ತುಟಿ ಬಿಚ್ಚಲಿಲ್ಲ.
ಅರವತ್ತೆರಡೂವರಿಗೆ ಗುಂಡಿಗೆ ಗುಂಡಿ ಬಡದು
ಟಕ್ಕಂತು.
ಸಾಜು ಬಗ್ಗಿ ನೋಡಿದ, ಬಾಳೊತ್ತು ನೋಡಿದ.
ಹೂಂ, ಅಂದ.
ಆಗ ಕೈ ಕೊಟ್ಟೆ. ಕಾರು ಹತ್ತೋವಾಗ
ಅಂಗೈ ಪ್ಯಾಂಟಿಗೆ ಒರಸ್ತಿದ್ದ, ನೀಲಿ ಹೋಗಲಿಲ್ಲ.

ಮಿಸ್ಸಿಗೆ ಹೇಳಿದ್ರ ಹೊಟ್ಟಿ ಹಿಡಕೊಂಡು ನಕ್ಕಳು.
ನಕ್ಕು ಮುಗದ ಮ್ಯಾಲೆ ಹೊಸ ಪಾಠ:
ಅಗ್ರೀ ಟು ಡಿಸ್ಅಗ್ರೀ.
ಎಲ್ಲಾರೂ ಬರಕೊಂಡರು. ನಾನು ಪೆನ್ನಿನ ಮುಚ್ಚಳ ಹಾಕಿದೆ.
ಹದಿನಾರು ವರ್ಷ ಆತು, ಗಂಡನ ಜೋಡಿ
ಅದನ್ನ ಬಾಯಿಪಾಠ ಮಾಡಾಕತ್ತೀನಿ.