ಟಿಕೀಟಿನ ಹಿಂದ

ಮೂವತ್ತೊಂದು ವರ್ಷ ಬಾಗಲಕೋಟಿ ಡಿಪೋದಾಗ ಕಂಡಕ್ಟರ ನಾ.
ಚಿಲ್ಲರಿ ಇರದಿದ್ದರ ಟಿಕೀಟಿನ ಹಿಂದ ಬರದು
ಸುತ್ತ ಒಂದು ಗೆರಿ ಎಳದು ಕೊಡತಿದ್ದೆ:
ಇಳಿಯೂ ಮುಂದ ಕೇಳಿ ಇಸಕೋರಿ.
ಕೆಲವರು ಕೇಳತಿದ್ದರು.
ಕೆಲವರು ನಿದ್ದಿಗಣ್ಣಾಗ ಲೋಕಾಪುರ ಕ್ರಾಸಿಗೇ ಇಳದು
ಹಿಂದ ನೋಡದ ಹೋಗತಿದ್ದರು.

ಈಗ ಸೂರ್ಯ ನನಗ ಹಂಗ ಬರದು ಕೊಡತಾನಂತ.

ಸೋಲಾರಿನ ಹುಡುಗ ರಾಜೇಸಾಬ, ಕಾಲಾಗ ಹೊಸಾ ಬೂಟು,
ಪಡಸಾಲಿಯೊಳಗ ಹಾಳಿ ಹರವಿದ:
ಎರಡು ಕಿಲೋವ್ಯಾಟಿಗೆ ಒಂದು ಲಕ್ಷ ಮೂವತ್ತು,
ಸರಕಾರದ್ದು ಬಂದಮ್ಯಾಲ ಕೈಯಿಂದ ಎಪ್ಪತ್ತು,
ತಿಂಗಳಾ ಎಂಟನೂರರ ಬಿಲ್ಲು ಉಳದರ
ಏಳು ವರ್ಷ ನಾಕು ತಿಂಗಳಿಗೆ ಸಮಾ.
"ಆಮ್ಯಾಲ ಎಲ್ಲಾ ಫುಕಟ್ಟರಿ ಕಾಕಾ,
ಇಪ್ಪತ್ತೈದು ವರ್ಷ ಗ್ಯಾರಂಟಿ."
ಗ್ಯಾರಂಟಿ ಕಾಜಿಗೆ. ನನಗ ಅರವತ್ತೊಂದು ಮುಗದಾವು.
ಪಾಸು ತಗೀಬೇಕೋ,
ದಿನದ ಟಿಕೀಟು ದಿನಾ ಹರೀಬೇಕೋ?

ಸೊನ್ನಿ ಬಿಲ್ಲಿನ ಮನಿ ಇತ್ತಿದು,
ನೀಲಗಂಗಾನ ಶ್ಯಾವಿಗಿ ಮಶಿನು ಬರೂತನಕ.
ಅರ್ಧ ಎಚ್‌ಪಿ ಮೋಟರು ಗುರ್ ಅಂತ ಗೆರಿ ದಾಟಿಸಿತು.
ಮಶಿನು ಆಕೀದು, ಗಳಿಕಿ ಆಕೀದು, ಮಾಳಗಿ ಆಕೀದು.
ಲೆಕ್ಕ ಅಷ್ಟ ನಂದು.

ಖರೇ ಹೇಳಬೇಕಂದರ
ಕರೆಂಟಿಗೆ ನಾವು ಒಮ್ಮೆ ಕೊಟ್ಟ ಬಂದೀವಿ.
ಹಳೇ ಊರಾಗ ಹೊಳಿ ಕಡೆ ಓಣಿ, ಮಣ್ಣಿನ ಮಾಳಗಿ,
ನಡುವ ಒಂದು ಬೆಳಕಿಂಡಿ.
ಹನ್ನೆರಡಕ್ಕ ಸರಿಯಾಗಿ ಒಲಿ ಮುಂದ
ಬೆಳ್ಳಿ ರೂಪಾಯಿಯಷ್ಟು ಬಿಸಲು ಬೀಳತಿತ್ತು,
ಅವ್ವ ಅದನ್ನ ನೋಡಿ ಬುತ್ತಿ ಕಟ್ಟತಿದ್ದಳು.
ಮೀಟರ ಇರಲಿಲ್ಲ ಅದಕ್ಕ.
ಹಿನ್ನೀರು ಬಂತು. ಬೆಳಕಿಂಡಿಯೊಳಗ ಈಗ ಮೀನ ಇಣಕತಾವ.

ನವನಗರಕ್ಕ ಬಂದಾಗ ಪ್ಲಾಟಿನ ಕಲ್ಲು ಬಿಟ್ಟರ
ಇದ್ದದ್ದು ಬಿಸಲೊಂದ.
ಅದಕ್ಕ ಅಂಜಿ ದಕ್ಷಿಣಕ್ಕ ಒಂದು ಬೇವಿನ ಸಸಿ ಹಚ್ಚಿದೆ,
ಡ್ಯೂಟಿ ಮುಗಿಸಿ ಬಂದು ಕೊಡಾ ಹೊತ್ತು ಬೆಳಸಿದೆ.
ರಾಜೇಸಾಬ ಮೊಬೈಲ ಮ್ಯಾಲೆತ್ತಿ ಅಂದ:
"ಇದೊಂದು ಕಡದರ ಪೂರಾ ಯುನಿಟ್ಟು ಸಿಗತಾವರಿ."
ಬಿಸಲಿಗಂಜಿ ಹಚ್ಚಿದ್ದನ್ನ
ಬಿಸಲಿಗಾಸಿ ಮಾಡಿ ಕಡೀಬೇಕು.
ನಾ ಏನೂ ಅನಲಿಲ್ಲ. ಚಹಾ ಕುಡಿ ಅಂದೆ.

ಮರುದಿನ ಮಾಳಗಿ ಮ್ಯಾಲ ಸುಣ್ಣದ ಕಡ್ಡಿ ಹಿಡದು ಕುಂತೆ.
ಒಂಬತ್ತಕ್ಕ ನೆರಳು ಎಲ್ಲಿ, ಹತ್ತಕ್ಕ ಎಲ್ಲಿ,
ಗೆರಿ ಮ್ಯಾಲ ಗೆರಿ, ಅಂಗಾಲು ಸುಡಾಕ ಹತ್ತಿತು.
ನಾಕಕ್ಕ ನೋಡಿದರ
ಮಾಳಗಿ ಪೂರಾ ನನ್ನ ಹಳೇ ವೇಬಿಲ್ಲಿನಂಗಾಗಿತ್ತು,
ಕೂಡಿಸಿದರ ತಾಳಿ ಬೀಳವಲ್ಲದು.
ನೀಲಗಂಗಾ ಮೆಣಸಿನಕಾಯಿ ಮೊರ ಹೊತ್ತು ಬಂದಳು,
ನನ್ನ ಗೆರಿ ತುಳದು ದಾಟಿ
ಮೆಟ್ಟಿಲ ಬಾಜೂ ಮೂಲಿಗೆ ಇಟ್ಟಳು.
"ಮುಂಜಾನಿಂದ ಸಂಜೀತನಕ ಬಿಸಲು ಬಿಡದ ಜಾಗಾ
ಇದೊಂದ. ನನ್ನ ಕೇಳಬೇಕಿಲ್ಲೋ?"

ಕೇಳಬೇಕಾಗಿತ್ತು.
ಇಪ್ಪತ್ತು ವರ್ಷದಿಂದ ಆಕಿ ಮೊರ ಸರಸಿದ ಹಾದಿ
ಆ ಮೊಬೈಲಿನಾಗ ಇರಲಿಲ್ಲ.
ಆದರ ಕಾಜು ಹಾಸಿದರ ಆಕಿ ಮೂಲೀನ ಹೋಗತೈತಿ.

"ಇದರ ಮ್ಯಾಲ ಶ್ಯಾವಿಗಿ ಹರವಬಹುದೇನೋ ತಮ್ಮಾ?"
ರಾಜೇಸಾಬ ನಕ್ಕ. ಆಕಿ ನಗಲಿಲ್ಲ.
"ಹಂಗಾರ ಕಾಲು ಎತ್ತರ ಮಾಡು,
ಕೆಳಗ ನಾ ಬಗ್ಗದ ಓಡ್ಯಾಡಬೇಕು.
ನೆರಳಿನ ಗಾಳಿಗೆ ಒಣಗಿದ ಶ್ಯಾವಿಗಿ ಬೆಳ್ಳಗ ಉಳೀತೈತಿ.
ಮೆಣಸಿನಕಾಯಿಗೆ ಅಂಚಿನ ಬಿಸಲು ಸಾಕು.
ಬೇವು ಮುಟ್ಟಬ್ಯಾಡ."
ಎತ್ತರಕ್ಕ ಒಂಬತ್ತು ಸಾವಿರ ಹೆಚ್ಚಿಗಿ.
ಎಂಟು ವರ್ಷ ಮೂರು ತಿಂಗಳು.

ರಾತ್ರಿ ಟ್ರಂಕಿನೊಳಗ ಒಂದು ಖಾಲಿ ಟಿಕೀಟು ಸಿಕ್ಕಿತು.
ಹಿಂದ ಬರದೆ: ಎಪ್ಪತ್ತೊಂಬತ್ತು ಸಾವಿರ ಬಾಕಿ.
ಸುತ್ತ ಗೆರಿ ಎಳದೆ, ಸಹಿ ಮಾಡಿದೆ,
ಆಕಿ ಕೈಯಾಗ ಕೊಟ್ಟು ಅಂದೆ:
ಮರೀಬ್ಯಾಡ, ಕೇಳಿ ಇಸಕೋ.
ಆಕಿ ಓದಲಿಲ್ಲ.
ಶ್ಯಾವಿಗಿ ಲೆಕ್ಕದ ವಹಿಯೊಳಗ ಸಿಗಿಸಿ
ಮಶಿನಿನ ಹಲ್ಲಿಗೆ ಎಣ್ಣಿ ಬಿಟ್ಟಳು.