ಒಂಬತ್ತೋ ಹತ್ತೋ

ಬೈತಖೋಲದಲ್ಲಿ ಬಲೆ, ಗಾಳ, ಸೀಸದ ಗುಂಡು ಮಾರುವವಳು ನಾನು.
ತಂಗೂಸಿನ ನಂಬರು ಕಣ್ಣು ಮುಚ್ಚಿ ಹೇಳುತ್ತೇನೆ,
ಎರಡು ಬೆರಳ ನಡುವೆ ಒಮ್ಮೆ ಹೊರಳಿಸಿದರೆ ಸಾಕು:
ಇದು ಕಾಣೆಗೆ, ಇದು ಇಸ್ವಾಣಕ್ಕೆ,
ಇದು ಬರೀ ಬಟ್ಟೆ ಒಣಹಾಕಲಿಕ್ಕೆ.
ಅಂಥವಳು ಮಡಗಾಂವಿನಲ್ಲಿ
ಕೈತಾನನ ಗಾಜಿನ ಕಪಾಟಿನೆದುರು ನಿಂತು
ಬೆವರಿದೆ.
'ಒಂಬತ್ತು ಬೇಕೋ, ಹತ್ತು ಬೇಕೋ?'
ಮೀನು ಯಾವುದೆಂದು ಹೇಳಿದ್ದರೆ
ಉತ್ತರ ಕೊಡುತ್ತಿದ್ದೆ.

ಗಿಟಾರು ಮೊದಲು ನನ್ನದಲ್ಲ.
ನೇವಿಯ ಹುಡುಗ ರುವಾತಾ, ಮಿಜೋರಾಮಿನವ,
ರವಿವಾರ ರವಿವಾರ ಗಾಳ ಒಯ್ಯುತ್ತಿದ್ದವ,
ವರ್ಗವಾದಾಗ ಎರಡು ಸಾವಿರದ ನೂರಾ ನಲವತ್ತರ ಬಾಕಿಗೆ
ಇದನ್ನು ತಂದು ಗಲ್ಲೆಯ ಮೇಲಿಟ್ಟ.
ಮೇಲೆ ಎಂಟುನೂರು ಕೊಡಿ ಅಂದ, ಐನೂರು ಕೊಟ್ಟೆ.
ಕೆಂಪು ಮೈ, ಒಂದು ಮೂಲೆಯಲ್ಲಿ ಬಣ್ಣ ಸುಲಿದು
ಮರಳಿಗೆ ತಾಗಿದ ಪಾತಿದೋಣಿಯ ಮೂತಿಯ ಹಾಗೆ.
ಲೆಡ್ಜರಿನಲ್ಲಿ ಗೆರೆ ಎಳೆದೆ.
ಮಾರಬೇಕಿತ್ತು. ಮಾರಲಿಲ್ಲ.
ಒಂದು ಮಳೆಗಾಲ ಪೂರಾ ಅವನ ಹಳೇ ತಂತಿಯಲ್ಲೇ ಬಾರಿಸಿದೆ,
ಬೆರಳ ತುದಿಗೆಲ್ಲ ತುಕ್ಕಿನ ಗೆರೆ.

'ಯಾವ ಥರದ್ದು ಬಾರಿಸ್ತೀರಿ ಬಾಯೀ?'
'ಸಂಜೆ ಏಳರಿಂದ ಏಳೂಮುಕ್ಕಾಲು' ಅಂದೆ,
'ಕುಕ್ಕರು ಕೂಗುವ ತನಕ.'
ಕೈತಾನ ನಗಲಿಲ್ಲ. ಅದಕ್ಕೇ ವಿಶ್ವಾಸ ಬಂತು.
'ಹಾಗಾದರೆ ಒಂಬತ್ತು. ತೆಳ್ಳಗಿದೆ, ಬೆರಳು ಬೈಯುವುದಿಲ್ಲ.'
ಕಾಲಲ್ಲಿ ಒತ್ತುವ ಡಬ್ಬಿಗಳ ಸಾಲಿಗೆ ಕೈ ತೋರಿಸಿದೆ,
ಗುಡುಗು ಬರಿಸುವುದೊಂದು, ಬಾವಿಯೊಳಗಿಂದ ಕರೆದಂತೆ ಮಾಡುವುದೊಂದು.
'ಒಂದು ವರ್ಷ ಇರೋ ಸದ್ದನ್ನೇ ಕೇಳಿ ಮೊದಲು.'
ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸುವವನ ಅಂಗಡಿ
ಹೇಗೆ ನಡೆಯುತ್ತದೋ.

ಉಪ್ಪುಗಾಳಿಗೆಂದು ಬೇರೆ ಪಾಕೀಟು ಇತ್ತು,
ಲೇಪ ಬಳಿದ ತಂತಿ, ರೇಟು ಎರಡೂವರೆ ಪಟ್ಟು.
ರೈಲಿನಲ್ಲಿ ಕಾಣಕೋಣ ದಾಟಿದ ಮೇಲೂ
ಟಿಕೆಟ್ಟಿನ ಹಿಂದೆ ಲೆಕ್ಕ ಹಾಕುತ್ತಲೇ ಇದ್ದೆ:
ನನ್ನ ಅಂಗಡಿಯ ಗಾಳ ಆರು ವಾರಕ್ಕೆ ಕಂದುತ್ತದೆ,
ಜೂನಿನಲ್ಲಿ ನಾಲ್ಕಕ್ಕೇ,
ತಂತಿ ಅದಕ್ಕಿಂತ ಸಪೂರ, ಹಾಗಾದರೆ...
ಕಾಳಿಯ ಸೇತುವೆ ಬಂದಾಗ ಬಿಟ್ಟೆ.
ಹೇಗೂ ಎರಡೂ ಬಗೆಯದು ಚೀಲದಲ್ಲಿತ್ತು.

ಗಂಟು ಬೇಡ, ಸುತ್ತು ಸಾಕು
ಎಂದು ತಿಳಿಯಲು ಎರಡು ತಂತಿ ಖರ್ಚಾದವು.
ಗಂಟು ಹಾಕದೆ ಬಿಡುವುದು
ಈ ಕೈಗಳಿಗೆ ಯಾರೂ ಕಲಿಸಿಲ್ಲ.

ಆಂಪು ಅಕ್ಕಿಡಬ್ಬಿಯಷ್ಟು. ಗುಬ್ಬಿ ಮೂರಕ್ಕೆ ತಿರುಗಿಸಿದರೆ
ಪಕ್ಕದ ಶೇವಂತಿಬಾಯಿಯ ಟಿವಿ ಜೋರಾಗುತ್ತದೆ.
ನಾಲ್ಕಕ್ಕೆ ಅವಳೇ ಬರುತ್ತಾಳೆ,
ಒಂದು ಬಟ್ಟಲು ಸಕ್ಕರೆ ಕೇಳುವ ನೆಪದಲ್ಲಿ,
ಬಾಗಿಲಿಗೊರಗಿ ಅರ್ಧ ಗಂಟೆ.
ಮೀಟಲು ಹಳೇ ಎಟಿಎಂ ಕಾರ್ಡಿನ ತುಂಡು.
ಹೊಸದು ಹತ್ತೇ ರೂಪಾಯಿ, ಗೊತ್ತು.

ಆದರೆ ಒಂಬತ್ತು ಬಿಗಿದ ದಿನದಿಂದ
ಮೂರನೇ ಮನೆಯಲ್ಲಿ ಬಾಟಲಿಗೆ ಬಿದ್ದ ನೊಣ.
ಜುಂಯ್, ಒತ್ತಿದಲ್ಲೆಲ್ಲ ಜುಂಯ್.
ತಂತಿ ಸಡಿಲ, ಕುತ್ತಿಗೆ ಹಿಂದಕ್ಕೆ ಬಾಗಿದೆ ದೀದಿ,
ವಿಶಾಖಪಟ್ಟಣದಿಂದ ರುವಾತಾ ಫೋನಿನಲ್ಲಿ.
'ಕೇಸಿನ ಜೇಬಿನಲ್ಲಿ ಒಂದು ಸೊಟ್ಟ ಕೀಲಿ ಇತ್ತಲ್ಲ?'

ಇತ್ತು.
ಒಂದು ವರ್ಷದಿಂದ ಅದು ನನ್ನ ತಕ್ಕಡಿಯಲ್ಲಿದೆ,
ಅಲುಗುವ ತಟ್ಟೆಯ ಕೆಳಗೆ ಸಿಕ್ಕಿಸಿದ್ದೆ, ಸರಿಯಾಗಿ ಕೂತಿತ್ತು.

'ಕಾಲು ಸುತ್ತು, ಎಡಕ್ಕೆ. ಹೆಚ್ಚು ಬೇಡ.'
ಉಸಿರು ಹಿಡಿದು ತಿರುಗಿಸಿದೆ.
ಒಳಗೆಲ್ಲೋ ಮರ ಕಟ್ ಅಂದಿತು.
ಎರಡು ದಿನಕ್ಕೆ ನೊಣ ಹೋಯಿತು.

ತಕ್ಕಡಿ ಮಾತ್ರ ಆವತ್ತಿನಿಂದ
ಹತ್ತು ಗ್ರಾಂ ಗಿರಾಕಿಯ ಕಡೆಗೆ ವಾಲಿದೆ.
ಏನಾದರೂ ಸಿಕ್ಕಿಸಬೇಕು.