ಹದಿನೇಳನೆಯ ಸಾಲು

ಬೂತಾಯಿ ಎಂದು ಬರೆದಿದ್ದಾರೆ ಮಂಜೇಶ್ವರದವರು,
ಮತ್ತಿ ಎಂದು ಚೆರುವತ್ತೂರಿನವರು,
ತಾರ್ಲೆ ಎಂದೊಬ್ಬರು, ಬಹುಶಃ ಮನೆಯಲ್ಲಿ ಕೊಂಕಣಿ.
ಕಂಪ್ಯೂಟರಿಗೆ ಇವು ಮೂರು ಮೀನು.
ಕುಂಬಳೆಯಲ್ಲಿ ಹುಟ್ಟಿದ ನನಗೆ
ಒಂದೇ ಸಾರು.

ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಹಿಂದೆ
ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ
ನಾವು ನಾಲ್ವರು ಯಂತ್ರಕ್ಕೆ ಕಡಲು ಕಲಿಸುತ್ತೇವೆ:
ಯಾವ ತಿಂಗಳು, ಯಾವ ಗಾಳಿ,
ಎಷ್ಟು ದೋಣಿ ಇಳಿದವು, ಎಷ್ಟು ಬುಟ್ಟಿ ಬಂತು,
ನಾಳೆ ಎಷ್ಟು ಬಂದೀತು.
ಹೊಸದಾಗಿ ಸೇರಿದವನು ಅನ್ಸಾಫ್,
ಕೋರ್ಸು ಮುಗಿಸಿ ಮೂರು ತಿಂಗಳು, ಬೆರಳು ಬಲು ಚುರುಕು.
ನಿನ್ನೆ ಕೇಳಿದ: ಎಲ್ಲ ಅದೇ ಮಾಡಿಕೊಡುತ್ತದಲ್ಲ ಅಕ್ಕ,
ನೀವು ಐದು ವರ್ಷ ಗಣಿತ ಓದಿದ್ದು ಯಾಕೆ?

ಥಟ್ಟನೆ ಹೇಳಲಾಗಲಿಲ್ಲ.
ಐತಪ್ಪ ಮಾಷ್ಟ್ರು ನೆನಪಾದರು.
ಉತ್ತರ ಸರಿಯಿದ್ದು ದಾರಿ ಬರೆಯದಿದ್ದರೆ
ಅರ್ಧ ಅಂಕ ಕೊಟ್ಟು, ಉಳಿದರ್ಧಕ್ಕೆ
ಮನೆಗೆ ನಡೆದುಕೊಂಡು ಹೋಗು ಎನ್ನುತ್ತಿದ್ದವರು.
ಒಂದು ಮಧ್ಯಾಹ್ನ ಶಾಲೆಯ ಗಂಜಿಯ ಕಡಾಯಿ ಸುತ್ತ
ನಮ್ಮನ್ನು ನಿಲ್ಲಿಸಿ ಕೇಳಿದರು:
ಒಂದಗುಳು ಹಿಚುಕಿ ಇಡೀ ಕಡಾಯಿ ಬೆಂದಿತೆನ್ನುವ ಧೈರ್ಯ
ಈ ಕೊರಪ್ಪೊಳಿಗೆ ಎಲ್ಲಿಂದ ಬಂತು?
ಅಭ್ಯಾಸ ಸಾರ್, ಅಂದೆವು.
ಕಣ್ಣಿದೆಯಾ ನಿಮಗೆ? ಹಿಚುಕುವ ಮೊದಲು
ಅಡಿಯಿಂದ ಕಲಕಿದಳಲ್ಲ!

ಎಷ್ಟೋ ವರ್ಷದ ಮೇಲೆ ಕಣ್ಣೂರಿನ ಕ್ಲಾಸಿನಲ್ಲಿ
ಇಂಗ್ಲಿಷಿನಲ್ಲಿ ಬರೆದು ಮಲಯಾಳದಲ್ಲಿ ಬಿಡಿಸಿ
ಯಾದೃಚ್ಛಿಕ ಮಾದರಿ ಎಂದರೇನೆಂದು ಹೇಳುತ್ತಿದ್ದಾಗ
ಎಲ್ಲರೂ ಬರೆದುಕೊಂಡರು.
ನನಗೆ ಹಸಿವಾಯಿತು.

ಇವತ್ತು ಬೆಳಿಗ್ಗೆ ಪರದೆಯ ಮೇಲೆ ಗೆರೆ
ಕೋಯಿಪಾಡಿಯಲ್ಲಿ ನೆಲ ಕಚ್ಚಿತ್ತು.
ಹನ್ನೊಂದು ದೋಣಿ ಇಳಿದಿವೆ, ಎರಡು ದಿನ,
ಒಂದು ಬುಟ್ಟಿಯೂ ಇಲ್ಲ.
ಅಕ್ಟೋಬರಿನ ಕಡಲು ಬರಿದು ಎಂದು
ಯಂತ್ರ ಆಗಲೇ ಕಲಿತುಬಿಟ್ಟಿದೆ,
ಬರುವ ವರ್ಷಕ್ಕೂ ಹೇಳತೊಡಗಿದೆ.
ಮೂಲ ಹಾಳೆ ತೆರೆದೆ. ಹದಿನೇಳನೆಯ ಸಾಲು ಖಾಲಿ,
ಹದಿನೆಂಟೂ.
ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಿದ್ದಾನೆ ಅನ್ಸಾಫ್,
ಒಂದೇ ಆಜ್ಞೆಯಲ್ಲಿ.

ಸೊನ್ನೆಯೂ ಸಂಖ್ಯೆ ಮಕ್ಕಳೇ, ಎನ್ನುತ್ತಿದ್ದರು ಮಾಷ್ಟ್ರು
ಹಾಜರಿ ಪುಸ್ತಕ ಬಡಿದು.
ಎದ್ದು ನಿಂತು, ಬಂದಿದ್ದೇನೆ ಸಾರ್,
ಕೈಯಲ್ಲೇನೂ ಇಲ್ಲ ಎನ್ನುವ ಹುಡುಗ ಅದು.
ಬಾರದವನ ಬಗ್ಗೆ ನಮಗೇನು ಗೊತ್ತು?
ಹೋಗಿ ಕೇಳಬೇಕು.

ಫೋನು ಮಾಡಿದೆ ಸೀತಾಕ್ಷಿಗೆ,
ದಡದಲ್ಲಿ ನಿಂತು ಬುಟ್ಟಿ ಎಣಿಸಿ ಬರೆಯುವವಳು.
ಆ ಎರಡು ದಿನ...
ಓ ಅದಾ, ಅಂದಳು. ಗಾಳಿಯ ಸದ್ದು.
ಪೂವಕ್ಕನ ಮಗ ಅಳಿವೆಯಲ್ಲಿ ಹೋದದ್ದಲ್ಲವಾ ಮಾರಾಯ್ತಿ.
ದೋಣಿ ಎಲ್ಲ ಇಳಿದಿತ್ತು.
ಬಲೆ ಯಾರೂ ಬೀಸಲಿಲ್ಲ.

ಸಿಕ್ಕಿದನಾ?
ಮೂರನೆಯ ದಿನ, ಶಿರಿಯದ ಹತ್ತಿರ.
ಮತ್ತೆ ತಾನಾಗಿಯೇ ಹೇಳಿದಳು,
ಎಂಟನೆಯದಕ್ಕೇ ಶಾಲೆ ಬಿಟ್ಟವಳು, ನನಗಿಂತ ಎರಡು ಕ್ಲಾಸು ಮುಂದಿದ್ದವಳು:
ಸೊನ್ನೆ ಹಾಕಿದರೆ ಸುಳ್ಳಾಗುತ್ತಿತ್ತು.
ಮೀನಿತ್ತೋ ಇಲ್ಲವೋ, ನೋಡಿದವರು ಯಾರು?

ಅನ್ಸಾಫ್ ಏನೂ ಕೇಳಲಿಲ್ಲ.
ಸೊನ್ನೆಗಳನ್ನು ಒಂದೊಂದಾಗಿ ಅಳಿಸಿದ,
ಆಜ್ಞೆ ಕೊಡದೆ, ಕೈಯಿಂದಲೇ.
ಗೆರೆ ಅಲ್ಲಿ ತುಂಡಾಯಿತು,
ಒಂದಿಷ್ಟು ಬಿಳಿ ಬಿಟ್ಟು ಆಚೆಯಿಂದ ಮತ್ತೆ ಹೊರಟಿತು.
ಜೋಡಿಸಲಾ?
ಬೇಡ, ಅಂದೆ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡು.
ಹೆಸರು?
ಕಾರಣ ಅಂತ ಇಡು. ಬಹಳ ಸಲ ಅದೂ ಖಾಲಿ ಇರುತ್ತದೆ.

ಕೆಳಗೆ ಹೊಲಿಗೆಯಂತ್ರ ನಿಂತಾಗ ಒಂದೂವರೆ.
ಡಬ್ಬಿ ಬಿಚ್ಚಿದೆವು.
ಅವನದರಲ್ಲಿ ಮತ್ತಿ,
ನನ್ನದರಲ್ಲಿ ಬೂತಾಯಿ.